ಮೇಣದ ಬಣ್ಣಕ್ಕೆ ಮೈಸೂರಲ್ಲಿ ಸಿಗುವ ಬಿಳಿ ಪುಡಿಗಳು: ಯಾವುದು ತಗೋಬೇಕು, ಯಾವುದು ಬೇಡ

ಎನ್‌ಕಾಸ್ಟಿಕ್‌ಗೆ, ಅಂದರೆ ಬಿಸಿ ಮೇಣದಲ್ಲಿ ಬಣ್ಣ ಬೆರೆಸಿ ಮಾಡುವ ಚಿತ್ರಕ್ಕೆ, ಬಿಳಿ ಪುಡಿ ಬೇಕು ಅಂತ ಪೇಟೆಯ ಬಣ್ಣದ ಅಂಗಡಿಯಲ್ಲೋ ಗ್ರಂಥಿಗೆ ಅಂಗಡಿಯಲ್ಲೋ ಕೇಳಿದರೆ, ಪೊಟ್ಟಣದಲ್ಲಿ ಟೈಟಾನಿಯಂ ಇರಬಹುದು, ಜಿಂಕ್ ಇರಬಹುದು, ಬರೀ ಚಾಕ್ ಪುಡಿಯೂ ಇರಬಹುದು. ಒಣಗಿದ್ದಾಗ ಮೂರೂ ಒಂದೇ ಥರ ಬೆಳ್ಳಗೆ. ಬಿಸಿ ಮೇಣಕ್ಕೆ ಬಿದ್ದ ಮೇಲೆ ಬಂಡವಾಳ ಬಯಲು.

ಕಾರಣ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ. ಮೇಣಕ್ಕೂ ಪುಡಿಗೂ ಇದರಲ್ಲಿ ಅಂತರ ಹೆಚ್ಚಿದ್ದಷ್ಟೂ ಬಿಳಿ ಚೆನ್ನಾಗಿ ಮುಚ್ಚುತ್ತದೆ. ಜೇನುಮೇಣದ್ದು ಸುಮಾರು 1.44. ಚಾಕ್ ಅದಕ್ಕಿಂತ ಸ್ವಲ್ಪವೇ ಹೆಚ್ಚು, ಹಾಗಾಗಿ ಮೇಣದೊಳಗೆ ಮಾಯವಾಗಿ ಬೂದು ಮಿಶ್ರಿತ ಅರೆಪಾರದರ್ಶಕ ಮುದ್ದೆಯಾಗುತ್ತದೆ. ಜಿಂಕ್ ಆಕ್ಸೈಡ್ 2.0, ಟೈಟಾನಿಯಂ ಡೈಆಕ್ಸೈಡಿನ ರೂಟೈಲ್ ಎಂಬ ಜಾತಿ 2.7. ಮುಚ್ಚುವ ಶಕ್ತಿ ಬೇಕಾದರೆ ರೂಟೈಲ್ ಬಿಟ್ಟು ಬೇರೆ ದಾರಿಯಿಲ್ಲ. ಅನಟೇಸ್ ಕೂಡ ಟೈಟಾನಿಯಂ ಡೈಆಕ್ಸೈಡೇ, ಆದರೆ ಬಿಸಿಲಿಗೆ ಬೇಗ ಪುಡಿಯೇಳುವ ಜಾತಿ. ಚೀಲದ ಮೇಲೆ ‘ರೂಟೈಲ್’ ಅಂತ ಇದೆಯೋ ನೋಡಿಯೇ ತಗೊಳ್ಳಿ. ಕೇರಳದ ಚವರದ ಕೆಎಂಎಂಎಲ್ ಕಂಪನಿ ಕ್ಲೋರೈಡ್ ವಿಧಾನದಲ್ಲಿ ಮಾಡುವುದು ರೂಟೈಲೇ.

ಲೇಬಲ್ ಇಲ್ಲದ ಪೊಟ್ಟಣಕ್ಕೆ ಸುಲಭದ ಪರೀಕ್ಷೆ: ಚಿಟಿಕೆ ಪುಡಿಯ ಮೇಲೆ ವಿನಿಗರ್ ಹಾಕಿ. ಬುಸುಗುಟ್ಟಿದರೆ ಕಾರ್ಬೊನೇಟ್, ಅಂದರೆ ಬಹುಪಾಲು ಚಾಕ್. ಸದ್ದಿಲ್ಲದೆ ನಿಧಾನಕ್ಕೆ ಕರಗಿದರೆ ಜಿಂಕ್. ಜಪ್ಪಯ್ಯ ಅಂದರೂ ಕರಗದೆ ತಳದಲ್ಲಿ ಕೂತರೆ ಟೈಟಾನಿಯಂ ಇರಬಹುದು. ಒಂದು ಎಚ್ಚರ: ಸೀಸದ ಬಿಳಿಯೂ ಕಾರ್ಬೊನೇಟೇ, ಅದೂ ಬುಸುಗುಟ್ಟುತ್ತದೆ. ಮೈಸೂರು ಶೈಲಿಯ ಚಿತ್ರಗಳ ಹಳೆಯ ಗೆಸ್ಸೋ (ಚಿನ್ನದ ರೇಕಿನ ಅಡಿಯ ಉಬ್ಬು) ಕೆಲಸಕ್ಕೆ ಅದನ್ನೇ ಬಳಸುತ್ತಿದ್ದರು. ಈಜಿಪ್ಟಿನ ಫಯೂಮ್‌ನ ಪ್ರಾಚೀನ ಮೇಣದ ಚಿತ್ರಗಳಲ್ಲೂ ಅದೇ ಇದೆ. ಅದರ ದೂಳು ವಿಷ. ‘ಸಫೇದ’ ಅಂತ ಬಿಡಿಯಾಗಿ ಕೊಡುವುದನ್ನು ಮುಟ್ಟಬೇಡಿ, ಅಷ್ಟೇ.

ಜಿಂಕನ್ನು ಕಡೆಗಣಿಸುವಂತಿಲ್ಲ. ಟೈಟಾನಿಯಂ ಬೆರೆಸಿದರೆ ಯಾವ ಬಣ್ಣವೂ ಸುಣ್ಣ ಹೊಡೆದಂತಾಗುತ್ತದೆ. ತೆಳು ಪದರಗಳಿಗೆ, ಬಣ್ಣ ತಿಳಿ ಮಾಡಲು ಜಿಂಕೇ ಚೆಂದ. ಮೆಡಿಕಲ್ ಶಾಪಿನ ಐಪಿ (ಔಷಧಿ) ದರ್ಜೆಯ ಜಿಂಕ್ ಆಕ್ಸೈಡ್ ನಯವಾಗಿರುತ್ತದೆ, ಧಾರಾಳ ಸಾಕು. ಚಾಕ್ ಬಣ್ಣಕ್ಕೆ ಬಾರದಿದ್ದರೂ ಸರೇಸಿನ ಜೊತೆ ಹಲಗೆಗೆ ಬಳಿಯುವ ಅಸ್ತರಿಗೆ ಬಹಳ ಒಳ್ಳೆಯದು. ಮೇಣವನ್ನು ಹೀರಿ ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಅಸ್ತರಿ, ಅಕ್ರಿಲಿಕ್ ಗೆಸ್ಸೋ, ಹಾಗೆ ಹೀರುವುದಿಲ್ಲ, ಪದರ ಎದ್ದು ಬರುತ್ತದೆ. ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದ ವಿದ್ಯಾರ್ಥಿಗಳಿಗೊಂದು ಮಾತು: ಪೋಸ್ಟರ್ ಬಿಳಿಯಲ್ಲಿ ನೀರಿದೆ, ಬಿಸಿ ಮೇಣಕ್ಕೆ ಹಾಕಿದರೆ ಸಿಡಿಯುತ್ತದೆ.

ಅಳತೆ: 80 ಗ್ರಾಂ ಬಿಳಿ ಜೇನುಮೇಣ, 10 ಗ್ರಾಂ ಡಮಾರ್ (ಮೇಣವನ್ನು ಗಟ್ಟಿ ಮಾಡುವ ಮರದ ಅಂಟು) ಕರಗಿಸಿ ಬಟ್ಟೆಯಲ್ಲಿ ಸೋಸಿ. ಧೂಪಕ್ಕೆ ಮಾರುವ ರಾಳ ಬೇಡ. ಟೈಟಾನಿಯಂ 15 ಗ್ರಾಂನಿಂದ ಶುರು ಮಾಡಿ, ಜಿಂಕಾದರೆ 20. ಪುಡಿ ಸಂಪೂರ್ಣ ಒಣಗಿರಬೇಕು. ತೇವವಿದ್ದರೆ ನೊರೆಯೆದ್ದು, ಆರಿದ ಮೇಲೆ ಸೂಜಿ ಚುಚ್ಚಿದಂಥ ತೂತುಗಳು. ಮಾಸ್ಕ್ ಹಾಕಿಕೊಂಡು, ಮೊದಲು ಎರಡು ಚಮಚ ಮೇಣದಲ್ಲಿ ಪುಡಿಯನ್ನು ಬಿಸಿ ತಟ್ಟೆಯ ಮೇಲೆ ಚಾಕುವಿನಿಂದ ಅರೆದು, ಗಂಟು ಒಡೆದು, ಆಮೇಲೆ ಉಳಿದದ್ದಕ್ಕೆ ಸೇರಿಸಿ. ನೇರ ಸುರಿದರೆ ಕುಂಚದ ಗೀಟಿನಲ್ಲಿ ಬಿಳಿ ಚುಕ್ಕೆಗಳು ಉಳಿಯುತ್ತವೆ.

ಟೈಟಾನಿಯಂ ಮೇಣಕ್ಕಿಂತ ನಾಲ್ಕು ಪಟ್ಟು ಭಾರ. ಕಲಕದೆ ಬಿಟ್ಟ ಡಬ್ಬಿ ಹೆಪ್ಪುಗಟ್ಟಿದರೆ ಅಡಿಯಲ್ಲಿ ಗಟ್ಟಿ ಬಿಳಿ, ಮೇಲೆ ತುಪ್ಪದ ಬಣ್ಣದ ಪೊರೆ. ಪ್ರತಿ ಸಲ ತಳದಿಂದ ಕಲಕಿ. ಬಿಳಿ ಹಳದಿಯಾಗಿದೆ ಅಂತ ಪುಡಿಯನ್ನು ಬೈಯುವ ಮುನ್ನ ತಟ್ಟೆಯ ಬಿಸಿ ನೋಡಿ: 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು, 105 ದಾಟಬಾರದು. ಹಳದಿ ಮೇಣ ಬಳಸಿದರೆ ಎಂಥ ಟೈಟಾನಿಯಂ ಹಾಕಿದರೂ ಕೆನೆಬಣ್ಣವೇ. ಆರಿದ ಮೇಲೆ ಮೇಲ್ಮೈಯಲ್ಲಿ ಮಂಜು ಕಟ್ಟಿದರೆ ಅದು ಪುಡಿಯ ದೋಷವಲ್ಲ, ಮೇಣದ ಬ್ಲೂಮ್. ಹಳೆ ಪಂಚೆಯ ತುಂಡಿನಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ.