89 ರೂಪಾಯಿಗೆ 3 ಮಿಲಿಮೀಟರ್: ಕೇರಂ ಆ್ಯಪ್ ಜೊತೆ ನಾಲ್ಕು ವರ್ಷ

ಎರಡು ವರ್ಷದ ಹಿಂದೆ ದಸರಾ ರಜೆಗೆ ಅಣ್ಣನ ಮಗ ನಮ್ಮನೆಗೆ ಬಂದಿದ್ದ. ಒಂಬತ್ತನೇ ಕ್ಲಾಸ್ ಹುಡುಗ. ಅಂಗಡಿಯಲ್ಲಿ ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು, ನಾನು ಮೊಬೈಲಲ್ಲಿ ಕೇರಂ ಆಡುವುದನ್ನು ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ "ಅತ್ತೆ, ನಿಮ್ಮ ಗೆರೆ ಯಾಕೆ ಇಷ್ಟು ಚಿಕ್ಕದು?" ಅಂದ. ತನ್ನ ಮೊಬೈಲ್ ತೆಗೆದು ತೋರಿಸಿದ. ಅದೇ ಆ್ಯಪ್, ಅದೇ ಬೋರ್ಡ್. ಹೊಡೆಯುವ ಮುಂಚೆ ಕಾಯಿ ಹೋಗುವ ದಾರಿ ತೋರಿಸುವ ಗೆರೆ ಅದು. ಜೆರಾಕ್ಸ್ ಮೆಷಿನ್ ಪಕ್ಕದಲ್ಲಿದ್ದ ಸ್ಟೀಲ್ ಸ್ಕೇಲ್ ತಗೊಂಡು ಎರಡೂ ಪರದೆಗಳ ಮೇಲೆ ಇಟ್ಟು ಅಳೆದೆ. ನನ್ನದು 14 ಮಿಲಿಮೀಟರ್. ಅವನದು 58.

ನಾಲ್ಕು ವರ್ಷದಿಂದ ಈ ಆ್ಯಪ್ ಬಳಸುತ್ತಿದ್ದೇನೆ. ಹೇಳಬೇಕಾದ್ದೆಲ್ಲ ಆ ಗೆರೆಯ ಸುತ್ತಲೇ ಇದೆ. ಹೆಸರು ಬರೆಯುವುದಿಲ್ಲ. ಇಂಥ ಕೇರಂ ಆ್ಯಪ್‌ಗಳು ಹಲವು ಇವೆ, ಆಡಿದವರಿಗೆ ಒಳಗಿನ ವ್ಯವಸ್ಥೆ ಗೊತ್ತೇ ಇರುತ್ತದೆ. ಡೌನ್‌ಲೋಡ್ ಉಚಿತ, ಆಟ ಉಚಿತ. ಕಾಯಿಗೆ ಹೊಡೆಯುವ ಸ್ಟ್ರೈಕರ್‌ಗಳು ಮಾತ್ರ ಬೇರೆ ಬೇರೆ. ಪ್ರತಿ ಸ್ಟ್ರೈಕರ್‌ಗೂ ಬಲ ಎಷ್ಟು, ಗುರಿಯ ಗೆರೆ ಎಷ್ಟು ಉದ್ದ, ಹೊಡೆಯಲು ಸಮಯ ಎಷ್ಟು ಅಂತ ಲೆಕ್ಕ ಇದೆ. ದುಡ್ಡು ಕೊಟ್ಟರೆ ಮೂರೂ ಬೇಗ ಏರುತ್ತವೆ. ಕೊಡದಿದ್ದರೆ ಪೆಟ್ಟಿಗೆ ಗೆಲ್ಲಬೇಕು, ಅದು ತೆರೆಯಲು ಮೂರು ಗಂಟೆಯೋ ಎಂಟು ಗಂಟೆಯೋ ಕಾಯಬೇಕು, ಒಳಗಿಂದ ಬಂದ ಚೂರುಪಾರು ಕೂಡಿಸುತ್ತಾ ಹೋಗಬೇಕು.

ಕೇರಂ ಆಡದವರಿಗೆ ಗೆರೆಯ ಮಹತ್ವ ಹೇಳಿಬಿಡುತ್ತೇನೆ. ಸ್ಟ್ರೈಕರ್ ಕಾಯಿಗೆ ಎಲ್ಲಿ ತಾಗುತ್ತದೆ ಅನ್ನುವುದರ ಮೇಲೆ ಕಾಯಿ ಹೋಗುವ ದಿಕ್ಕು ನಿಂತಿದೆ. ಕೂದಲೆಳೆಯಷ್ಟು ಆಚೀಚೆ ಆದರೂ ಕಾಯಿ ಪಾಕೆಟ್‌ನ ಅಂಚಿಗೆ ಬಡಿದು ವಾಪಸ್ ಬರುತ್ತದೆ. ಈ ಅಂದಾಜಿಗೇ ಕಣ್ಣಳತೆ ಅನ್ನುವುದು. ವರ್ಷಗಟ್ಟಲೆ ಆಡಿದರೆ ಬರುವಂಥದ್ದು ಅದು. ಆ್ಯಪ್‌ನಲ್ಲಿ ಗೆರೆ ಚಿಕ್ಕದಿದ್ದರೆ ಕಾಯಿ ಯಾವ ಕಡೆ ಹೊರಡುತ್ತದೆ ಅಂತ ಮಾತ್ರ ಕಾಣುತ್ತದೆ, ಮುಂದಿನದು ನಮ್ಮ ಅಂದಾಜು. ಉದ್ದ ಇದ್ದರೆ ಗೆರೆ ಸೀದಾ ಪಾಕೆಟ್‌ವರೆಗೂ ಹೋಗುತ್ತದೆ. ಆಗ ಅಂದಾಜು ಮಾಡಲು ಏನೂ ಉಳಿಯುವುದಿಲ್ಲ. ಗೆರೆಯನ್ನು ಪಾಕೆಟ್‌ಗೆ ಕೂರಿಸಿ ಬೆರಳು ಬಿಟ್ಟರಾಯಿತು.

ಆದರೂ ನಾಲ್ಕು ವರ್ಷ ಬಿಡದೆ ಆಡಿದ್ದೇನೆ, ಅದಕ್ಕೂ ಕಾರಣ ಇದೆ. ನಮ್ಮದು ಶಿವಮೊಗ್ಗದಲ್ಲಿ ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿ, ಕಸ ಗುಡಿಸಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಮೆಷಿನ್ ಆನ್ ಮಾಡುತ್ತೇನೆ. ಅದು ಬಿಸಿಯಾಗುವಷ್ಟರಲ್ಲಿ ಒಂದು ಬೋರ್ಡ್ ಮುಗಿಯುತ್ತದೆ. ಕಾಲೇಜು ಮಕ್ಕಳು ನೋಟ್ಸ್ ಹಿಡಿದು ಬಂದರೆ ಅರ್ಧಕ್ಕೇ ಬಿಡುತ್ತೇನೆ, ಅಲ್ಲಿ ಸೋತರೂ ಬೇಜಾರಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಎರಡು ಬೋರ್ಡ್. ಕಾಯಿ ಪಾಕೆಟ್‌ಗೆ ಬೀಳುವಾಗ ಬರುವ ಆ 'ಟಕ್' ಸದ್ದು ಚೆನ್ನಾಗಿ ಮಾಡಿದ್ದಾರೆ. ಸೌಂಡ್ ಯಾವತ್ತೂ ಆಫ್ ಮಾಡಿಲ್ಲ. ಕೆಂಪು ಕಾಯಿ ಕ್ವೀನ್ ಹಾಕಿ, ಅದರ ಹಿಂದೆಯೇ ನನ್ನದೊಂದು ಕಾಯಿಯನ್ನು ಕವರ್ ಆಗಿ ಹಾಕಿದಾಗ ನಿಜವಾದ ಬೋರ್ಡ್ ಮುಂದೆ ಆಗುವಷ್ಟೇ ಖುಷಿ ಆಗುತ್ತದೆ.

ನಾನು ಕೇರಂ ಕಲಿತದ್ದು ಸಾಗರದಲ್ಲಿ, ದೊಡ್ಡಪ್ಪನ ಮನೆ ಜಗಲಿಯ ಮೇಲೆ. ಮಳೆಗಾಲದಲ್ಲಿ ಬೋರ್ಡ್ ತೇವ ಹೀರಿಕೊಂಡು ಕಾಯಿ ಮುಂದಕ್ಕೇ ಹೋಗುತ್ತಿರಲಿಲ್ಲ. ಒಲೆ ಹತ್ತಿರ ಇಟ್ಟು ಒಣಗಿಸಿ, ಬೋರಿಕ್ ಪೌಡರ್ ಹಾಕಿ, ಹತ್ತಿ ಬಟ್ಟೆಯಲ್ಲಿ ತಿಕ್ಕುವುದು ನನ್ನ ಕೆಲಸ. ಒಂದು ಸಲ ಗಣಪತಿ ಹಬ್ಬದ ಪಂದ್ಯಕ್ಕೆ ಪಕ್ಕದ ಕೇರಿಯವರೊಬ್ಬರು ಹೊಸ ಸ್ಟ್ರೈಕರ್ ತಂದಿದ್ದರು. ದಪ್ಪಗೆ, ನುಣ್ಣಗೆ ಇತ್ತು. ಒಂದೇ ಏಟಿಗೆ ಗುಂಪೆಲ್ಲ ಚೆಲ್ಲಾಪಿಲ್ಲಿ. ದೊಡ್ಡಪ್ಪ ಜಗಳ ಆಡಲಿಲ್ಲ. ಅದನ್ನು ತಗೊಂಡು ಹೋಗಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದರು. 17 ಗ್ರಾಂ. ಪಂದ್ಯದ ನಿಯಮದಲ್ಲಿ ಸ್ಟ್ರೈಕರ್ 15 ಗ್ರಾಂ ಮೀರುವಂತಿಲ್ಲ, ಅಗಲ 4.13 ಸೆಂಟಿಮೀಟರ್ ದಾಟುವಂತಿಲ್ಲ. ಅದರೊಳಗೆ ಯಾರು ಬೇಕಾದರೂ ತಮ್ಮದೇ ಸ್ಟ್ರೈಕರ್ ತರಬಹುದು. ಬಣ್ಣ ಯಾವುದಾದರೂ ಇರಲಿ, ಮೇಲೆ ಹೂವಿನ ಚಿತ್ರ ಇರಲಿ, ಬೆಲೆ ಐವತ್ತು ಇರಲಿ ಐನೂರು ಇರಲಿ. ಆ ಸ್ಟ್ರೈಕರ್ ಬದಿಗಿಟ್ಟರು, ಪಂದ್ಯ ಮುಂದುವರಿಯಿತು. ತಂದವರೂ ತಕರಾರು ಮಾಡಲಿಲ್ಲ.

ಎರಡೇ ಗ್ರಾಂ ಜಾಸ್ತಿ ಇದ್ದದ್ದಕ್ಕೆ ಅಷ್ಟು ಆಯಿತು. ಆ್ಯಪ್‌ನಲ್ಲಿ 14ಕ್ಕೂ 58ಕ್ಕೂ ಒಂದೇ ಬೋರ್ಡ್ ಹಾಕುತ್ತಾರೆ.

ಹುಡುಗ ಊರಿಗೆ ಹೋದ ಮರುದಿನವೇ ನಾನು 89 ರೂಪಾಯಿ ಕೊಟ್ಟೆ. ನಮ್ಮಲ್ಲಿ ಒಂದು ಪುಟ ಜೆರಾಕ್ಸ್‌ಗೆ 2 ರೂಪಾಯಿ, ಅಂದರೆ ಹೆಚ್ಚುಕಮ್ಮಿ 45 ಪುಟ ತೆಗೆದ ದುಡ್ಡು. ಯುಪಿಐ ಪಿನ್ ಒತ್ತಿದೆ, ಪರದೆ ತುಂಬಾ ಬಣ್ಣದ ಕಾಗದ ಉದುರಿತು. ಸ್ಕೇಲ್ ಇಟ್ಟು ನೋಡಿದೆ. 17 ಮಿಲಿಮೀಟರ್. ಅಂದರೆ 3 ಮಿಲಿಮೀಟರ್ ಬೆಳೆದಿತ್ತು.

ಆ ಮೂರೇ ಮಿಲಿಮೀಟರ್‌ಗೆ ಆಟ ಬದಲಾಯಿತು, ಅದನ್ನು ಮುಚ್ಚಿಡುವುದಿಲ್ಲ. ಎರಡು ವಾರ ಸುಮಾರು ಬೋರ್ಡ್ ಗೆದ್ದೆ. ತುಂಬಾ ಖುಷಿಯಾಗಿದ್ದೆ. ಆಮೇಲೆ ಮತ್ತೆ ಸೋಲು ಶುರುವಾಯಿತು. ಯಾಕೆ ಅಂತ ನೋಡಿದರೆ, ಗೆದ್ದಂತೆಲ್ಲ ನನ್ನನ್ನು ಮೇಲಿನ ಟೇಬಲ್‌ಗೆ ಕಳಿಸಿದ್ದಾರೆ. ಅಲ್ಲಿ ಎದುರಿಗೆ ಬರುವವರ ಗೆರೆ 25, 30. ಮತ್ತೆ 89 ಕೊಟ್ಟೆ. ದೀಪಾವಳಿ ಆಫರ್ ಅಂತ ಬಂದಾಗ 449 ಕೊಟ್ಟು ಪೆಟ್ಟಿಗೆಯೊಂದನ್ನು ಕೊಂಡೆ. ಒಟ್ಟು 627 ರೂಪಾಯಿ. ಗೆರೆ ಈಗ 29. ಭಾಗಿಸಿ ನೋಡಿದೆ, ಒಂದು ಮಿಲಿಮೀಟರ್‌ಗೆ ಹತ್ತಿರ ಹತ್ತಿರ 42 ರೂಪಾಯಿ. ನನ್ನ ಆಟದಲ್ಲಿ ಗೆಲುವು ಎಷ್ಟು, ಸೋಲು ಎಷ್ಟು ಅಂತ ಕೇಳಿದರೆ, 14 ಇದ್ದಾಗ ಎಷ್ಟಿತ್ತೋ ಈಗಲೂ ಅಷ್ಟೇ.

ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ಆ ಎರಡು ವಾರ ನಾನು ಸೋಲಿಸಿದವರು ಯಾರು? ಗೆರೆ 14 ಇದ್ದವರು. ನನ್ನ ಥರವೇ ಬೆಳಿಗ್ಗೆ ಅಂಗಡಿ ತೆರೆದು ಒಂದು ಬೋರ್ಡ್ ಆಡುವವರು, ಕಾಸು ಕೊಡಲು ಮನಸ್ಸು ಬಾರದವರು. ಅವರಲ್ಲಿ ಒಬ್ಬರ ಆಟ ಇನ್ನೂ ಕಣ್ಣ ಮುಂದಿದೆ. ಚಿಕ್ಕ ಗೆರೆಯಲ್ಲೇ, ಆಚೆ ಅಂಚಿಗೆ ಹೊಡೆದು ವಾಪಸ್ ಬರುವಾಗ ಕಾಯಿಯನ್ನು ಪಾಕೆಟ್‌ಗೆ ತಳ್ಳಿದರು. ಎಂಥ ಕಣ್ಣಳತೆ! ಅವರಿಗೆ ಬೇಕಿದ್ದದ್ದು ಇನ್ನೊಂದೇ ಕಾಯಿ. ಅಷ್ಟರಲ್ಲಿ ನಾನು ಗೆರೆ ನೋಡಿಕೊಂಡು ಎರಡು ಕಾಯಿ ಹಾಕಿ ಮುಗಿಸಿದೆ. ಗೆದ್ದವರ ಪೆಟ್ಟಿಗೆ ನನಗೆ ಬಂತು. ಅವತ್ತು ಅದನ್ನು ತೆರೆಯಲಿಲ್ಲ.

ಇದು ಅನ್ಯಾಯವಾ ಅಂತ ಯಾರಾದರೂ ಕೇಳಿದರೆ, ಹೌದು, ಅನ್ಯಾಯವೇ ಅನ್ನುತ್ತೇನೆ. ದುಡ್ಡು ಕೇಳುವುದು ತಪ್ಪಲ್ಲ. ಸರ್ವರ್ ನಡೆಸಬೇಕು, ಕೆಲಸದವರಿಗೆ ಸಂಬಳ ಕೊಡಬೇಕು. ಮೊದಲ ಎರಡು ವರ್ಷ ನಾನು ಒಂದು ಪೈಸೆ ಕೊಡದೆ ಆಡಿದೆ, ಆ ಖರ್ಚನ್ನು ಇನ್ಯಾರೋ ಹೊತ್ತಿದ್ದಾರೆ. ಹಾಗೆ ದುಡ್ಡು ಕೊಟ್ಟವರ ಮೇಲೆ ಸಿಟ್ಟಿಲ್ಲ. ಆ್ಯಪ್‌ನವರು ಬಣ್ಣದ ಬೋರ್ಡ್ ಮಾರಲಿ, ಮಿನುಗುವ ಕಾಯಿ ಮಾರಲಿ, ಕಾಯಿ ಬಿದ್ದಾಗ ಪಟಾಕಿ ಹಾರುವ ಹಾಗೆ ಮಾಡಿ ಅದನ್ನೂ ಮಾರಲಿ. ಜಾಹೀರಾತು ಬೇಡ ಅಂದವರಿಂದ ತಿಂಗಳಿಗೆ 89 ತಗೊಳ್ಳಲಿ, ನಾನೇ ಮೊದಲು ಕೊಡುತ್ತೇನೆ. ಎದುರಿಗೆ ಕೂತವನಿಗೆ ಇಲ್ಲದ ಕಣ್ಣಳತೆಯನ್ನು ನನಗೆ ಮಾರಬಾರದು, ಅಷ್ಟೇ.

ಹೀಗೆ ಮಾಡಿ ಬದುಕಿದ ಆಟಗಳು ಇಲ್ಲದೇ ಇಲ್ಲ. ಡೋಟಾ 2 ಅನ್ನುವ ಕಂಪ್ಯೂಟರ್ ಆಟ 2013ರಿಂದ ಇದೆ. ಅದರಲ್ಲಿ ನಾವು ಆಡಿಸುವ ಪಾತ್ರಗಳು, ಅಂದರೆ ಹೀರೋಗಳು, ಎಲ್ಲವೂ ಎಲ್ಲರಿಗೂ ಉಚಿತ, ಮಾರುವುದು ವೇಷಭೂಷಣ. ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಅಂತೂ ಉಚಿತದ್ದೇ ಅಲ್ಲ, ಕಾಸು ಕೊಟ್ಟು ಕೊಳ್ಳಬೇಕಾದ ಆಟ. ಅದರ ಮೇಲೆ ಬಲ ಹೆಚ್ಚಿಸುವ ಪೆಟ್ಟಿಗೆಗಳನ್ನೂ ದುಡ್ಡಿಗೆ ಇಟ್ಟಿದ್ದರು. 2017ರ ನವೆಂಬರ್‌ನಲ್ಲಿ ಆಟಗಾರರು ಎಷ್ಟು ಗಲಾಟೆ ಮಾಡಿದರೆಂದರೆ, ಬಿಡುಗಡೆಯ ಹೊತ್ತಿಗೇ ಆ ಮಾರಾಟ ನಿಲ್ಲಿಸಿದರು. 2018ರಲ್ಲಿ ಮತ್ತೆ ತಂದಾಗ ದುಡ್ಡಿಗೆ ಸಿಕ್ಕಿದ್ದು ತೋರಿಕೆಯ ವಸ್ತುಗಳು ಮಾತ್ರ. ಆಟಗಾರರು ಬಾಯಿ ಬಿಟ್ಟು ಕೇಳಿದ್ದಕ್ಕೇ ಅದು ಬದಲಾಯಿತು.

ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು. 449 ಕೊಡುವಾಗ ಒಳಗೆ ಏನಿದೆ ಅಂತ ನನಗೆ ಗೊತ್ತಿರಲಿಲ್ಲ. ಬೆಲ್ಜಿಯಂನಲ್ಲಿ 2018ರಲ್ಲಿ ಕೆಲವು ಹೆಸರಾಂತ ಆಟಗಳ ಇಂಥ ಪೆಟ್ಟಿಗೆಗಳನ್ನು ಅಲ್ಲಿನ ಜೂಜು ಆಯೋಗ ಜೂಜು ಅಂತಲೇ ಕರೆಯಿತು. ಏನು ಸಿಗುವ ಸಾಧ್ಯತೆ ಎಷ್ಟು ಅಂತ ಮೊದಲೇ ತಿಳಿಸಬೇಕು ಅಂತ ಆ್ಯಪಲ್ 2017ರ ಕೊನೆಯಲ್ಲೇ ನಿಯಮ ಮಾಡಿದೆ. ನನ್ನ ಆ್ಯಪ್‌ನಲ್ಲೂ ಆ ಲೆಕ್ಕ ಇದೆ, ಮೂಲೆಯ ಒಂದು ಸಣ್ಣ ಗುರುತಿನ ಹಿಂದೆ. ಕೊಳ್ಳುವ ಮುಂಚೆ ದಯವಿಟ್ಟು ಅದನ್ನು ಒತ್ತಿ ನೋಡಿ. ನಾನು ನೋಡಿದ್ದು ಆಮೇಲೆ.

ಇನ್ನೊಂದು, ಗಡಿಯಾರ. "ಇನ್ನು 2 ಗಂಟೆ ಮಾತ್ರ" ಅಂತ ಕೆಂಪು ಅಕ್ಷರದಲ್ಲಿ ಓಡುತ್ತಿರುತ್ತದೆ. ಮರುದಿನ ಬೆಳಿಗ್ಗೆ ಶಟರ್ ಎತ್ತಿ ಆ್ಯಪ್ ತೆರೆದರೆ ಅದೇ ಆಫರ್, ಅದೇ 2 ಗಂಟೆ. ಒಂದು ವಾರ ಬರೆದಿಟ್ಟು ನೋಡಿದೆ, ಐದು ದಿನ ಹಾಗೇ ಬಂತು. ಇಲ್ಲದ ಅವಸರ ಹುಟ್ಟಿಸುವುದು ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರ ಅಂತ ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ 2023ರ ನವೆಂಬರ್‌ನಲ್ಲಿ 13 ತಂತ್ರಗಳ ಪಟ್ಟಿಯಲ್ಲಿ ಸೇರಿಸಿದೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಕಾಯ್ದೆಯೇ ಬಂತು. ನಮ್ಮ ಆ್ಯಪ್‌ನಲ್ಲಿ ಗೆದ್ದ ಕಾಯಿನ್ಸ್ ಯಾವತ್ತೂ ರೂಪಾಯಿಯಾಗಿ ಕೈಗೆ ಬರುವುದಿಲ್ಲ, ಹಾಗಾಗಿ ಅದು ಬೇರೆ ಮಾತು. ಆದರೆ ಮಕ್ಕಳ ಕೈಗೆ ಫೋನ್ ಕೊಡುವವರು ಆ ಕೆಂಪು ಗಡಿಯಾರ ನೋಡಿಕೊಳ್ಳಿ. ಅಣ್ಣನ ಮಗನ ಹುಟ್ಟುಹಬ್ಬದ ದುಡ್ಡೆಲ್ಲ ಹೋದದ್ದು ಅದಕ್ಕೇ.

ಹೋದ ವರ್ಷ ಆ್ಯಪ್ ತೆಗೆದೇ ಹಾಕೋಣ ಅಂದುಕೊಂಡಿದ್ದೆ. ಆಗ ದೊಡ್ಡಪ್ಪನ ಫೋನ್ ಬಂತು.

ಅವರಿಗೀಗ 78. ಮಂಡಿ ನೋವು, ಬೋರ್ಡ್ ಮುಂದೆ ಬಗ್ಗಿ ಕೂರಲು ಆಗುವುದಿಲ್ಲ. ಜಗಲಿಯ ಗೋಡೆಗೆ ಬೋರ್ಡ್ ಒರಗಿಸಿಟ್ಟು ಆರು ವರ್ಷವಾಯಿತು. ಮಗಳು ಹೊಸ ಮೊಬೈಲ್ ಕೊಡಿಸಿ ಇದೇ ಆ್ಯಪ್ ಹಾಕಿಕೊಟ್ಟಿದ್ದಳು. ಮೂರು ದಿನ ಗೊತ್ತಿಲ್ಲದವರ ಜೊತೆ ಆಡಿ ನನಗೆ ಫೋನ್ ಮಾಡಿದರು. "ಎಂತ ಮಾರಾಯ್ತಿ, ಅವನ ಗೆರೆ ಪಾಕೆಟ್‌ವರೆಗೂ ಹೋಗುತ್ತಲ್ಲ, ನಂದು ಯಾಕೆ ಇಷ್ಟೇ?"

ದುಡ್ಡು ಕೊಟ್ಟರೆ ಉದ್ದ ಆಗುತ್ತೆ ದೊಡ್ಡಪ್ಪ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಹಂಗಾರೆ ನಾನೂ ನೀನೂ ಆಡೋಣ. ಇಬ್ಬರಿಗೂ ಶುರುವಿನ ಸ್ಟ್ರೈಕರ್ರೇ ಇರ್ಲಿ" ಅಂದರು.

ಪರಿಚಯದವರ ಜೊತೆ ಆಡುವ ಪ್ರೈವೇಟ್ ಟೇಬಲ್ ಈ ಆ್ಯಪ್‌ನಲ್ಲಿದೆ. ಮೂರು ವರ್ಷದಲ್ಲಿ ನಾನು ಅದನ್ನು ಒತ್ತಿ ನೋಡಿರಲೇ ಇಲ್ಲ. ಅಲ್ಲಿ ಕಾಯಿನ್ಸ್ ಹೋಗುವುದಿಲ್ಲ, ಪೆಟ್ಟಿಗೆ ಸಿಗುವುದಿಲ್ಲ, ಆಫರ್ ಬರುವುದಿಲ್ಲ. ನನ್ನ 627 ರೂಪಾಯಿಯ ಸ್ಟ್ರೈಕರ್ ತೆಗೆದಿಟ್ಟು ಮೊದಲ ದಿನ ಕೊಟ್ಟಿದ್ದ ಬಿಳಿ ಸ್ಟ್ರೈಕರ್ ಹಾಕಿಕೊಳ್ಳುತ್ತೇನೆ. ಅವರದೂ ಅದೇ. ರಾತ್ರಿ ಒಂಬತ್ತಕ್ಕೆ, ಇಬ್ಬರ ಊಟವೂ ಆದ ಮೇಲೆ, ಅವರ ಮನೆಯ ಲ್ಯಾಂಡ್‌ಲೈನ್‌ನಿಂದ ಯಜಮಾನರ ಫೋನಿಗೆ ಕರೆ ಬರುತ್ತದೆ. ಸ್ಪೀಕರ್ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಮಳೆ ಇದ್ದರೆ ಅವರ ಹಂಚಿನ ಮೇಲೆ ಬೀಳುವ ಸದ್ದೂ ಕೇಳುತ್ತದೆ. "ಕಟ್ ಹೊಡಿ, ಹೆದರಬೇಡ" ಅನ್ನುತ್ತಾರೆ, ಎದುರಾಳಿ ತಾವೇ ಆದರೂ.

ಹೋದ ಬೇಸಿಗೆ ರಜೆಯಲ್ಲಿ ಅಣ್ಣನ ಮಗನಿಗೂ ಬಿಳಿ ಸ್ಟ್ರೈಕರ್ ಹಾಕಿಸಿದೆ. ಮೊದಲ ದಿನ ಒಂದು ಕಾಯಿಯೂ ಸರಿಯಾಗಿ ಬೀಳಲಿಲ್ಲ. "ಏನೂ ಕಾಣ್ಸಲ್ಲ ಅತ್ತೆ" ಅಂತ ಮುಖ ಸಪ್ಪೆ ಮಾಡಿಕೊಂಡ. ನಾಲ್ಕನೇ ದಿನ ದೊಡ್ಡಪ್ಪನನ್ನೇ ಒಂದು ಬೋರ್ಡ್ ಸೋಲಿಸಿದ. ಈಗ ಅವನೂ ಭಾನುವಾರ ಬರುತ್ತಾನೆ.

ಅಂಕ ಕೊಡುವುದಾದರೆ ಐದಕ್ಕೆ ಎರಡೂವರೆ. ಆ ಎರಡೂವರೆಯೂ ಪ್ರೈವೇಟ್ ಟೇಬಲ್‌ಗೆ ಮತ್ತು ಕಾಯಿ ಬೀಳುವ ಸದ್ದಿಗೆ. ಎಲ್ಲರಿಗೂ ಒಂದೇ ಸ್ಟ್ರೈಕರ್ ಕೊಡುವ ಒಂದು ಟೇಬಲನ್ನು ಅಪರಿಚಿತರ ಆಟದಲ್ಲೂ ಇಟ್ಟರೆ ನಾಲ್ಕು ಕೊಡುತ್ತೇನೆ, ಆ್ಯಪ್‌ನವರಿಗೂ ಹಾಗೇ ಬರೆದು ಕಳಿಸಿದ್ದೇನೆ. ಹೊಸದಾಗಿ ಹಾಕಿಕೊಳ್ಳುವವರು ಮನೆಯವರೋ ಸ್ನೇಹಿತರೋ ಆಡುವುದಿದ್ದರೆ ಹಾಕಿಕೊಳ್ಳಿ. ಒಬ್ಬರೇ ಆಡುವುದಾದರೆ ದುಡ್ಡು ಕೊಡಬೇಡಿ. ಮೇಲಿನ ಟೇಬಲ್‌ನಲ್ಲಿ ನಿಮಗಿಂತ ಉದ್ದದ ಗೆರೆ ಇದ್ದೇ ಇರುತ್ತದೆ.

ನಿನ್ನೆ ರಾತ್ರಿ ದೊಡ್ಡಪ್ಪ ಕ್ವೀನನ್ನು ಆಚೆ ಅಂಚಿಗೆ ಹೊಡೆದು ತಮ್ಮ ಕಡೆಯ ಎಡಗಡೆ ಪಾಕೆಟ್‌ಗೆ ತಂದರು. ಕವರ್ ಕೂಡ ಹಾಕಿದರು. ನನ್ನ ಮೂರು ಕಾಯಿ ಬಾಕಿ ಇತ್ತು. ಇವತ್ತು ಮೊದಲ ಏಟು ನನ್ನದು.