ಮೇಲ್ಮನವಿ ಹಾಕಿದ ಮಾತ್ರಕ್ಕೆ ದಾವಾ ವೆಚ್ಚದ ವಸೂಲಿ ನಿಲ್ಲುವುದಿಲ್ಲ

ದಾವಣಗೆರೆ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಅಚ್ಚುಕಟ್ಟಿಗೆ ಸೇರಿದ ನಮ್ಮ ಗದ್ದೆಯ ಬದುವಿನ ಬಗ್ಗೆ ತಾಯಿಯವರು ಹೂಡಿದ್ದ ದಾವೆ ವೆಚ್ಚ ಸಹಿತ, ಅಂದರೆ ಎದುರಾಳಿಯ ದಾವಾ ಖರ್ಚನ್ನೂ ತಾಯಿಯವರೇ ಕೊಡಬೇಕೆಂಬ ಆದೇಶದೊಂದಿಗೆ, ವಜಾ ಆಯಿತು. "ಮೇಲ್ಮನವಿ ಹಾಕಿದ್ದೇನೆ ಅಮ್ಮಾ, ಇನ್ನು ಒಂದು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ" ಎಂದು ವಕೀಲರು ಭರವಸೆ ಕೊಟ್ಟಿದ್ದರು. ಕೆಲವು ತಿಂಗಳ ನಂತರ ನ್ಯಾಯಾಲಯದ ಆದೇಶ ಜಾರಿ ಮಾಡುವ ಅಮೀನರು ಜಪ್ತಿ ವಾರಂಟ್ ಹಿಡಿದು ಬಂದು ಟಿವಿ, ಫ್ರಿಜ್‌ಗಳನ್ನು ಪಟ್ಟಿ ಮಾಡತೊಡಗಿದಾಗ ನಮಗೆ ನಿಜ ತಿಳಿಯಿತು: ವಕೀಲರು ವಸೂಲಿ ನಿಲ್ಲಿಸುವ ತಡೆಯಾಜ್ಞೆಗೆ ಅರ್ಜಿಯನ್ನೇ ಸಲ್ಲಿಸಿರಲಿಲ್ಲ. ಊರಿನವರ ಎದುರು ತಾಯಿಯವರು ಅನುಭವಿಸಿದ ಅವಮಾನ ಬೇರೆ ಯಾರಿಗೂ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಆದೇಶ 41, ನಿಯಮ 5ರ ಪ್ರಕಾರ ಮೇಲ್ಮನವಿಯೊಂದರಿಂದಲೇ ಡಿಕ್ರಿಯ (ತೀರ್ಪಿನಂತೆ ಹೊರಡಿಸುವ ವಿಧ್ಯುಕ್ತ ಆದೇಶದ) ಅಮಲ್ಜಾರಿ, ಅಂದರೆ ಜಾರಿ, ನಿಲ್ಲುವುದಿಲ್ಲ. ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಬೇಕು, ವಿಳಂಬ ಮಾಡದೆ ಕೇಳಬೇಕು, ಮತ್ತು ಭದ್ರತೆ ಒದಗಿಸಲು ಸಿದ್ಧರಿರಬೇಕು. ಮೇಲ್ಮನವಿಯ ಅವಧಿ ಮುಗಿಯುವ ಮೊದಲು, ಡಿಕ್ರಿ ಮಾಡಿದ ನ್ಯಾಯಾಲಯದಲ್ಲಿಯೇ ತಡೆ ಕೇಳಲು ಅವಕಾಶವಿದೆ ಎಂಬುದನ್ನೂ ಯಾರೂ ನಮಗೆ ಹೇಳಲಿಲ್ಲ.

ಡಿಕ್ರಿಯ ಕೊನೆಯಲ್ಲಿರುವ ವೆಚ್ಚದ ಪಟ್ಟಿಯನ್ನು ದಯವಿಟ್ಟು ಸಾಲು ಸಾಲಾಗಿ ಓದಿ. ನ್ಯಾಯಾಲಯ ಶುಲ್ಕ, ವಕೀಲರ ಶುಲ್ಕ, ಸಾಕ್ಷಿಗಳ ಭತ್ಯೆ ಎಂದು ಪ್ರತಿಯೊಂದಕ್ಕೂ ಅಲ್ಲಿ ಪ್ರತ್ಯೇಕ ಮೊತ್ತವಿರುತ್ತದೆ. ನಮ್ಮ ಪಟ್ಟಿಯಲ್ಲಿ, ಬದುವನ್ನು ಅಳೆಯಲು ನ್ಯಾಯಾಲಯ ನೇಮಿಸಿದ್ದ ಕಮಿಷನರ ಶುಲ್ಕ ಎರಡು ಕಡೆ ಸೇರಿಹೋಗಿತ್ತು. ಇಂತಹ ಕೈತಪ್ಪಿಗೆ ಮೇಲ್ಮನವಿಯೇ ಬೇಕಿಲ್ಲ. ಅದೇ ಸಂಹಿತೆಯ ಕಲಂ 152ರಡಿ ಅದೇ ನ್ಯಾಯಾಲಯಕ್ಕೆ ಯಾವಾಗ ಬೇಕಾದರೂ ಅರ್ಜಿ ಕೊಡಬಹುದು. ನಮ್ಮ ಪಟ್ಟಿ ಸರಿಹೋದದ್ದು ಈ ಅರ್ಜಿಯಿಂದಲೇ, ಅದೂ ವಕೀಲರನ್ನು ಬದಲಾಯಿಸಿದ ಮೇಲೆ. ವೆಚ್ಚ ಹೇರಿದ್ದೇ ಅನ್ಯಾಯ ಎನ್ನುವ ವಾದವಾದರೋ ಕಠಿಣವಾದದ್ದು, ಏಕೆಂದರೆ ಕಲಂ 35 ಅದನ್ನು ನ್ಯಾಯಾಲಯದ ವಿವೇಚನೆಗೆ ಬಿಟ್ಟಿದೆ, ಸೋತವರು ವೆಚ್ಚ ಕೊಡುವುದೇ ಸಾಮಾನ್ಯ ಕ್ರಮ.

ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು 30 ದಿನ, ಹೈಕೋರ್ಟಿಗೆ 90 ದಿನ ಕಾಲಾವಕಾಶವಿದೆ. ಡಿಕ್ರಿಯ ದೃಢೀಕೃತ ನಕಲು ಸಿದ್ಧವಾಗಲು ಬೇಕಾದ ದಿನಗಳನ್ನು ಈ ಅವಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿದ್ಧವಾದ ನಕಲನ್ನು ಪಡೆಯದೆ ಬಿಟ್ಟ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ ನಕಲಿನ ಮೇಲೆ ನಮೂದಿಸಿರುವ ಅರ್ಜಿಯ ದಿನಾಂಕ ಮತ್ತು ಸಿದ್ಧವಾದ ದಿನಾಂಕ ಎರಡನ್ನೂ ನೀವೇ ನೋಡಿಕೊಳ್ಳಿ. ತಡೆಯಾಜ್ಞೆಯ ಅರ್ಜಿ ಹಾಕಿದ್ದೇವೆ ಎಂದು ಯಾರು ಹೇಳಿದರೂ ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯುತ್ತಾರೆ. ಸಹಾಯವಾಣಿ ಸಂಖ್ಯೆ 15100.