ಮೂವರು ರಾಣಿಯರು, ಒಂದೇ ದೃಶ್ಯ: ಬರೆದು ನೋಡಿದ ಹೋಲಿಕೆ

ದೊಡ್ಡವರು ಓದುವಂಥ ಒಂದು ಫ್ಯಾಂಟಸಿ ಕಥೆ ಬರೆಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅದರಲ್ಲಿ ಆಳುವವಳು ಹೆಣ್ಣು. ಜಾಣೆ, ಕರುಣೆಯುಳ್ಳವಳು. ಮಕ್ಕಳ ಕಥೆಯಲ್ಲಿ 'ರಾಣಿ ಒಳ್ಳೆಯವಳು' ಅಂದರೆ ಸಾಕು, ಮಕ್ಕಳು ನಂಬುತ್ತಾರೆ. ಸಾಲ, ಸಾವು, ಮನೆಯೊಳಗಿನ ಜಗಳ ಎಲ್ಲ ಕಂಡ ದೊಡ್ಡವರು ಹಾಗೆ ನಂಬುವುದಿಲ್ಲ. ಒಳ್ಳೆಯವಳು ಅಂದರೆ ಏನು ಮಾಡಿದಳು ಅಂತ ಕೇಳುತ್ತಾರೆ.

ಅದಕ್ಕೇ ನಮ್ಮ ಸುತ್ತಲಿನ ನೆಲದಲ್ಲಿ ನಿಜವಾಗಿ ಆಳಿದ ಮೂವರನ್ನು ಆರಿಸಿಕೊಂಡು, ಒಂದೇ ದೃಶ್ಯವನ್ನು ಮೂರು ಸಲ ಬರೆದೆ. ಶಿಕ್ಷೆ ಕೊಡುವ ಅಧಿಕಾರ ಅವಳ ಕೈಯಲ್ಲಿದೆ, ಸೋತವನು ಎದುರಿಗೆ ನಿಂತಿದ್ದಾನೆ. ಈಗ ಏನು ಮಾಡುತ್ತಾಳೆ? ಬರೆದದ್ದನ್ನು ಬೆಳಗಾವಿಯ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅತ್ತೆ, ನೆಗೆಣ್ಣಿ ಮತ್ತು ಚಿಕ್ಕಮ್ಮನಿಗೆ ಗಟ್ಟಿಯಾಗಿ ಓದಿದೆ. ಬೆಳವಡಿ ಮಲ್ಲಮ್ಮನನ್ನು ಬೇಕೆಂದೇ ಬಿಟ್ಟೆ. ಹೆಂಗಸರ ಸೈನ್ಯ ಕಟ್ಟಿದ ಆಕೆಯ ಕಥೆಗೆ ಬೇರೆ ಪುಸ್ತಕವೇ ಬೇಕು.

ಮೊದಲು ಕಿತ್ತೂರಿನ ಚೆನ್ನಮ್ಮ. ಆಕೆ ಹುಟ್ಟಿದ ಕಾಕತಿ ನಮ್ಮ ಊರಿಗೆ ಅಂಟಿಕೊಂಡೇ ಇದೆ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಸ್ಟೀವನ್ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಯುದ್ಧ ನಿಲ್ಲಿಸುತ್ತೇವೆ ಎಂಬ ಮಾತಿನ ಮೇಲೆ ಆಕೆ ಅವರನ್ನು ಬಿಟ್ಟಳು. ಮಾತು ಉಳಿಯಲಿಲ್ಲ. ಡಿಸೆಂಬರಿನಲ್ಲಿ ಇನ್ನೂ ದೊಡ್ಡ ಸೈನ್ಯ ಬಂತು, ಕೋಟೆ ಹೋಯಿತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆಕೆ ತೀರಿಕೊಂಡಳು.

ದೃಶ್ಯ ಸಿದ್ಧವಾಗಿಯೇ ಸಿಕ್ಕಿತು, ಅಲ್ವಾ? ನಾನು ರಾಣಿಯ ಕೈಗೆ ಒಂದು ಮಾಯದ ಕತ್ತಿ ಕೊಟ್ಟೆ. ಎದುರಿನವರು ಸುಳ್ಳು ಹೇಳಿದರೆ ಅದರ ಹಿಡಿ ಬಿಸಿಯಾಗುತ್ತದೆ. ಓದಿ ಮುಗಿಸುವಷ್ಟರಲ್ಲಿ ಅತ್ತೆ ತಲೆ ಅಲ್ಲಾಡಿಸಿದರು. "ಎಲ್ಲಾ ಕತ್ತಿನ ಹೇಳಿಕೊಟ್ಟ ಮ್ಯಾಲ ಆಕಿದೇನೈತಿ? ಗೊತ್ತಿಲ್ದನ ನಂಬಿ ಬಿಟ್ಳಲ್ಲ, ಅದ ಆಕಿ ದೊಡ್ಡ ಮನಸ." ಆ ಮಾತು ನನ್ನೊಳಗೆ ನಾಟಿತು. ಕತ್ತಿ ತೆಗೆದೆ. ತೆಗೆದ ಮೇಲೆ ಉಳಿದದ್ದು ಇತಿಹಾಸ, ಫ್ಯಾಂಟಸಿ ಅಲ್ಲ. ಕೇಳುವವರ ಕಣ್ಣು ತುಂಬಿಸುವ ಶಕ್ತಿ ಮೂವರಲ್ಲಿ ಚೆನ್ನಮ್ಮನಿಗೇ ಜಾಸ್ತಿ. ಆದರೆ ಅವಳ ಕಥೆ ಎಲ್ಲರಿಗೂ ಬಾಯಿಪಾಠ. ಓದುತ್ತ ನಾನು ಬೈಲಹೊಂಗಲದ ಭಾಗಕ್ಕೆ ಬರುವ ಮೊದಲೇ ಚಿಕ್ಕಮ್ಮ ರಾಯಣ್ಣನ ಮಾತು ಎತ್ತಿದ್ದರು. ಕಲ್ಪನೆಗೆ ಅಲ್ಲಿ ಜಾಗವೇ ಇಲ್ಲ.

ಎರಡನೆಯವಳು ವಿಜಯಪುರದ ಚಾಂದ್ ಬೀಬಿ. 1580ರಲ್ಲಿ ಗಂಡ ಅಲಿ ಆದಿಲ್ ಶಾಹ್ ಕೊಲೆಯಾದಾಗ ಪಟ್ಟಕ್ಕೆ ಬಂದವನು ಒಂಬತ್ತು ವರ್ಷದ ಇಬ್ರಾಹಿಂ. ಅವನ ಪರವಾಗಿ ರಾಜ್ಯ ನೋಡಿಕೊಂಡವಳು ಈಕೆ. ಪಾರಸಿ, ಅರಬ್ಬಿ, ಮರಾಠಿ, ಕನ್ನಡ ಎಲ್ಲ ಬರುತ್ತಿತ್ತು. ಸಿತಾರ್ ನುಡಿಸುತ್ತಿದ್ದಳು, ಹೂವಿನ ಚಿತ್ರ ಬರೆಯುತ್ತಿದ್ದಳು. 1579ರಲ್ಲಿ ಗಂಡ ಕಟ್ಟಿಸಿದ ಚಾಂದ್ ಬಾವಡಿಗೆ ಅವಳದೇ ಹೆಸರು. ಆ ಬಾವಿಯ ಮೆಟ್ಟಿಲ ಮೇಲೆ ನಿಂತಾಗಲೇ ನನಗೆ ಮಾಯೆ ಹೊಳೆಯಿತು. ಅದರ ನೀರಿನಲ್ಲಿ ಇಣುಕಿದವರಿಗೆ ತಮ್ಮ ಮುಖ ಕಾಣುವುದಿಲ್ಲ, ತಮ್ಮಿಂದ ನೊಂದವರ ಮುಖ ಕಾಣುತ್ತದೆ.

ಅವಳನ್ನು ಸಾತಾರಾ ಕೋಟೆಯಲ್ಲಿ ಸೆರೆ ಇಟ್ಟವನು ಅವಳ ದರ್ಬಾರಿನವನೇ ಆದ ಕಿಶ್ವರ್ ಖಾನ್. ಕಥೆಯಲ್ಲಿ ಅವನನ್ನು ಆ ಬಾವಿಯ ಮುಂದೆ ನಿಲ್ಲಿಸಿದೆ. ಮೂರರಲ್ಲಿ ಅತಿ ಚೆಂದದ ಬರವಣಿಗೆ ಅದೇ ಅಂತ ಈಗಲೂ ಅನ್ನಿಸುತ್ತದೆ. ಆದರೆ ಬರೆಯುತ್ತ ಹೋದಂತೆ ಅರಮನೆ ರಾಜ್ಯವನ್ನೇ ನುಂಗಿತು. ಎಲ್ಲಿ ನೋಡಿದರೂ ಪರದೆ, ಪಿಸುಮಾತು, ಸಂಚು. ನೆಗೆಣ್ಣಿ ಸರಿಯಾಗಿ ಕೇಳಿದಳು: "ಭಾಳ ಛಲೋ ಐತಿ ಅಕ್ಕಾ, ಆದ್ರ ಊರಾಗಿನ ಮಂದಿ ಎಲ್ಲಿ ಹ್ವಾದ್ರು?" ಮುಂದೆ ಮೊಗಲರಿಂದ ಅಹಮದನಗರ ಉಳಿಸಿದ ಇದೇ ಹೆಣ್ಣನ್ನು, ಸುಳ್ಳು ಸುದ್ದಿ ನಂಬಿ ಅವಳ ಕಡೆಯವರೇ ಕೊಂದರು. ಅಲ್ಲಿಯವರೆಗೆ ಕಥೆ ಒಯ್ಯಲು ನನಗೆ ಮನಸ್ಸಾಗಲಿಲ್ಲ.

ಮೂರನೆಯವಳು ಅಕ್ಕಾದೇವಿ. "ಅಕ್ಕಮಹಾದೇವಿ ಏನವಾ ಈಕಿ?" ಅಂತ ಚಿಕ್ಕಮ್ಮ ಕೇಳಿದರು. ಅಲ್ಲ. ಇವಳು ವಚನಕಾರ್ತಿಗಿಂತ ನೂರು ವರ್ಷ ಹಿಂದಿನವಳು. ಕಲ್ಯಾಣ ಚಾಲುಕ್ಯರ ಜಯಸಿಂಹನ ಅಕ್ಕರೆಯ ಸೋದರಿ, ಕಿಸುಕಾಡು ಎಪ್ಪತ್ತು ಎಂಬ, ಅಂದರೆ ಎಪ್ಪತ್ತು ಊರುಗಳ, ನಾಡನ್ನು ಆಳಿದವಳು. ಬಾಗಲಕೋಟೆ ಜಿಲ್ಲೆಯ ಅರಸಿಬೀಡಿ ಅವಳ ರಾಜಧಾನಿ, ಆಗ ಅದರ ಹೆಸರು ವಿಕ್ರಮಪುರ. ಐಹೊಳೆ ನೋಡಲು ಹೋಗುವವರು ಅಲ್ಲಿಗೆ ಹೋಗುವುದು ಕಡಿಮೆ. ಹಾಳು ಬಸದಿಗಳಿವೆ, ಹಳಗನ್ನಡದ ಶಾಸನಗಳಿವೆ. ಕಿಸು ಅಂದರೆ ಕೆಂಪು. ಕೆಂಪು ಕಾಡಿನ ಒಡತಿ! ಇಂಥ ಹೆಸರನ್ನು ನಾನು ಹುಟ್ಟಿಸಲು ಕೂತಿದ್ದರೂ ಹುಟ್ಟುತ್ತಿರಲಿಲ್ಲ. ಅವಳ ಬಿರುದು 'ಗುಣದಬೆಡಂಗಿ'. ಗುಣವೇ ಅವಳ ಚೆಲುವು.

ಮೆತ್ತನೆಯ ಹೆಣ್ಣೇನಲ್ಲ. 1047ರಲ್ಲಿ ಗೋಕಾಗೆಯ ಕೋಟೆಗೆ, ಅಂದರೆ ನಮ್ಮ ಗೋಕಾಕಿಗೆ, ಮುತ್ತಿಗೆ ಹಾಕಿದವಳು. ರಣದಲ್ಲಿ ಭೈರವಿ ಅಂತ ಶಾಸನ ಹೊಗಳುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೂಡಿ ಎಂಬ ಊರಿನ ಶಾಸನ. ಚೋಳರ ಜೊತೆಗಿನ ಯುದ್ಧದಲ್ಲಿ ಆ ಊರಿನ ಕಟ್ಟುಪಾಡು ಹಾಳಾಗಿತ್ತು. ಅಕ್ಕಾದೇವಿ ಅಲ್ಲಿನ ಎಂಟು ಸೆಟ್ಟಿಗಳಿಗೆ, ಎಂಬತ್ತು ಒಕ್ಕಲಿಗೆ ಅದನ್ನು ಮತ್ತೆ ಕಟ್ಟಿಕೊಟ್ಟಳು. ಗೆದ್ದವರ ಪಟ್ಟಿ ನಾನು ಬಹಳ ಓದಿದ್ದೇನೆ. ಯುದ್ಧ ಮುಗಿದ ಮೇಲೆ ಊರಿನ ಲೆಕ್ಕ ಸರಿಮಾಡಲು ಕೂತ ಆಳುವವರ ಸುದ್ದಿ ನನಗೆ ಸಿಕ್ಕಿದ್ದು ಕಡಿಮೆ.

ಹೀಗಾಗಿ ನನ್ನ ದೃಶ್ಯವೇ ಬದಲಾಯಿತು. ಅವಳ ಎದುರು ನಿಂತದ್ದು ಒಬ್ಬ ಸೋತವನಲ್ಲ, ಸೋತುಹೋದ ಇಡೀ ಊರು. ಯಾರ ಹೊಲ ಯಾರದು, ಯಾರಿಗೆ ಯಾರು ಎಷ್ಟು ಕೊಡಬೇಕು, ಎಲ್ಲ ಮರೆತಿದ್ದಾರೆ. ಅಕ್ಕ ಮನೆ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಕೇಳುತ್ತಾಳೆ. ಅವಳು ಕೇಳಿದಂತೆ ಊರ ನಡುವಿನ ಕಲ್ಲಿನ ಮೇಲೆ ಅಕ್ಷರ ತಾನಾಗಿ ಮೂಡುತ್ತದೆ. ಅರ್ಧಕ್ಕೆ ಎದ್ದರೆ ಅಳಿಸಿಹೋಗುತ್ತದೆ. ಮಾಯೆ ಇಷ್ಟೇ. ಈ ಸಲ ಅತ್ತೆ ತಕರಾರು ಮಾಡಲಿಲ್ಲ. ಕಲ್ಲು ಅಕ್ಕನಿಗೆ ಏನೂ ಹೇಳಿಕೊಡುವುದಿಲ್ಲ, ಕೂತು ಕೇಳುವ ಕೆಲಸ ಅವಳದೇ.

ಇದರಲ್ಲೂ ಕೊರತೆ ಇದೆ. ಶುರು ನಿಧಾನ. ಅವಳು ಯಾರು ಅಂತ ಹೇಳಲು ಮೂರು ಪುಟ ಹೋಯಿತು. ಚೆನ್ನಮ್ಮನಿಗೆ ಮೂರು ಸಾಲೂ ಬೇಕಿರಲಿಲ್ಲ. ಗೋಕಾಕಿನ ಮುತ್ತಿಗೆ ಮತ್ತು ಈ ಕಟ್ಟೆ ಒಬ್ಬಳಲ್ಲೇ ಹೇಗೆ ಕೂಡುತ್ತವೆ ಅನ್ನುವುದು ಈಗಲೂ ಕಷ್ಟದ ಜಾಗ. ಎರಡರಲ್ಲಿ ಒಂದನ್ನೂ ಬಿಡುವುದಿಲ್ಲ ಅಂತ ಮಾತ್ರ ನಿರ್ಧರಿಸಿದ್ದೇನೆ. ಮುಂದುವರಿಸಲು ಆರಿಸಿಕೊಂಡಿದ್ದೂ ಇದನ್ನೇ.

ಎಂಬತ್ತರಲ್ಲಿ ಹದಿನೇಳು ಮನೆ ಬರೆದಿದ್ದೇನೆ. ಹದಿನೆಂಟನೆಯ ಮನೆಯ ಹೊಸ್ತಿಲಲ್ಲಿ, ಯುದ್ಧದಿಂದ ಬಾರದ ಮಗನ ಚಪ್ಪಲಿ ಇನ್ನೂ ಹಾಗೇ ಇದೆ. ಅಲ್ಲಿ ಅಕ್ಕ ಏನಾದರೂ ಕೇಳಬೇಕು ಅಂತ ನಾನು. ಸುಮ್ನೆ ಕೂತರೆ ಸಾಕು ಅಂತ ಅತ್ತೆ. ಇವತ್ತು ರಾತ್ರಿ ಎರಡೂ ಥರ ಓದಿ ನೋಡಬೇಕು.